ಹುಳುಮನೆಗೆ ನೆಟ್ಟು ಎಳೆದದ್ದು

ಸೋಮವಾರ, ಬುಧವಾರ, ಶುಕ್ರವಾರ. ವಾರದ ಈ ಮೂರು ದಿನ ಹುಳುಮನೆಯ ಮೇಲೆ ಕಣ್ಣಿಡುವವರು ಯಾರೂ ಇಲ್ಲ ಎಂದು, ರೇಷ್ಮೆಹುಳ ಸಾಕುವ ಒಬ್ಬ ಅಕ್ಕ ಮದ್ದೂರಿನಲ್ಲಿ ಇಂಟರ್ನೆಟ್ ಸಂಪರ್ಕದ ಅಂಗಡಿ ಇಟ್ಟಿರುವ ನನ್ನನ್ನು ಕರೆಸಿದ್ದರು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿ ನಾಲ್ಕು ಕಿಲೋಮೀಟರ್ ಒಳಗಿನ ಊರು. ಅವರ ಗಂಡನ ಮೂತ್ರಪಿಂಡಗಳು ಎರಡೂ ಕೈಕೊಟ್ಟಿದ್ದವು. ಆ ಮೂರು ದಿನ ಬೆಳಿಗ್ಗೆ ಎಂಟಕ್ಕೆ ಗಂಡನನ್ನು ಮಂಡ್ಯಕ್ಕೆ ಕರೆದುಕೊಂಡು ಹೋಗಿ, ಡಯಾಲಿಸಿಸ್ ಮುಗಿಸಿ, ಬಸ್ಸು ಹಿಡಿದು ವಾಪಸು ಬರುವಷ್ಟರಲ್ಲಿ ಸಂಜೆ ಐದಾಗುತ್ತಿತ್ತು.

ರೇಷ್ಮೆಹುಳಕ್ಕೆ ಅಷ್ಟು ಹೊತ್ತು ಸಾಕು ಸಾಯುವುದಕ್ಕೆ. ಬಿಸಿಲೇರಿದರೆ ಕಿಟಕಿಯ ಗೋಣಿ ಪರದೆ ಇಳಿಸಿ ನೀರು ಚಿಮುಕಿಸಬೇಕು. ತೇವ ಹೆಚ್ಚಾದರೆ ಪರದೆ ಎತ್ತಿ ಗಾಳಿ ಬಿಡಬೇಕು. ಅಕ್ಕ ಇಲ್ಲದ ದಿನ ಈ ಕೆಲಸವನ್ನೂ ಹಿಪ್ಪುನೇರಳೆ ಸೊಪ್ಪು ಹಾಕುವುದನ್ನೂ ಮಾಡುತ್ತಿದ್ದವರು ಪಕ್ಕದ ಹೊಲದ ಯಜಮಾನರು. ಹುಳುಮನೆಯ ಒಂದು ಬೀಗದ ಕೈ ಅವರ ಉಡಿದಾರದಲ್ಲೇ ಇರುತ್ತಿತ್ತು. ಆದರೆ ಅವರಿಗೂ ಅವರ ಹೊಲ ಇದೆ, ಯಾವ ಗಳಿಗೆಯಲ್ಲಿ ಒಳಗೆ ಶಾಖ ಏರಿತು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಒಳಗೆ ಒಂದು ಕ್ಯಾಮೆರಾ, ಒಂದು ಶಾಖ ಅಳೆಯುವ ಸಾಧನ ಇದ್ದರೆ ಅಕ್ಕ ಆಸ್ಪತ್ರೆಯಲ್ಲಿ ಕೂತೇ ಫೋನಿನಲ್ಲಿ ನೋಡಿ ಅವರಿಗೆ ಹೇಳಬಹುದು. ಅದಕ್ಕೆ ಮನೆಯ ನೆಟ್ಟನ್ನು ಎಪ್ಪತ್ತು ಮೀಟರ್ ಆಚೆಯ ಹುಳುಮನೆಗೆ ಮುಟ್ಟಿಸಬೇಕಿತ್ತು.

ನೆಂಟರೆಲ್ಲ ಹುಳ ಬಿಟ್ಟುಬಿಡು ಎನ್ನುತ್ತಿದ್ದರಂತೆ. ಮೊದಲ ದಿನ ಕಾಫಿ ಕೊಡುತ್ತಾ ಅಕ್ಕ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಉಳ ಬುಟ್ರೆ ನಾನು ಬರೀ ಆಸ್ಪತ್ರೆಗೆ ಓಗಿ ಬರೋಳು ಆಗೋಯ್ತೀನಿ ಕಣಣ್ಣ. ಇದೊಂದ ಉಳಿಸ್ಕೊಡು."

ಉಳಿಸಿಕೊಡುತ್ತೇನೆ ಎಂದೆ. ನಮ್ಮ ಕಸುಬಿನಲ್ಲಿ ಆಗುವುದಿಲ್ಲ ಎನ್ನುವ ಮಾತು ಬಾಯಿಗೆ ಬರುವುದೇ ಇಲ್ಲ.

ಮೊದಲು ಸುಲಭದ ದಾರಿ ಹಿಡಿದೆ. ಮನೆಗೂ ಹುಳುಮನೆಗೂ ನಡುವೆ ದನದ ಕೊಟ್ಟಿಗೆ ಇತ್ತು. ಅದರ ಕಿಟಕಿಯಲ್ಲಿ ಒಂದು ರಿಪೀಟರ್ ಕೂರಿಸಿದೆ. ಮನೆಯ ಸಿಗ್ನಲ್ಲನ್ನು ಅದು ಹಿಡಿದು ಮುಂದಕ್ಕೆ ತಳ್ಳುತ್ತದೆ. ಹುಳುಮನೆಯೊಳಗೆ ಹೋಗಿ ಫೋನು ಹಿಡಿದು ನೋಡಿದರೆ ಮೂರು ಕಡ್ಡಿ. ಕ್ಯಾಮೆರಾ ಚಿತ್ರ ಸಲೀಸಾಗಿ ಬಂತು. ಅಕ್ಕನ ಕೈಯಲ್ಲಿ ಭೇಷ್ ಅನ್ನಿಸಿಕೊಂಡು ಬೈಕ್ ಹತ್ತಿದೆ.

ನಾನು ಪರೀಕ್ಷೆ ಮಾಡಿದ್ದು ಖಾಲಿ ಹುಳುಮನೆಯಲ್ಲಿ. ಚಾಕಿ ಎನ್ನುವ ಮರಿಹುಳ ತಂದು ಬಿಟ್ಟು, ಅವು ಒಂದೊಂದೇ ಜ್ವರ ದಾಟಿ ದೊಡ್ಡವಾದಂತೆ, ಅಂದರೆ ಪೊರೆ ಬಿಟ್ಟು ಬೆಳೆದಂತೆ, ಕಬ್ಬಿಣದ ಅಟ್ಟಣಿಗೆಗಳ ತುಂಬ ಹಸಿ ಸೊಪ್ಪಿನ ಕಡ್ಡಿ ಹೇರುತ್ತಾರೆ. ಜೊತೆಗೆ ಒದ್ದೆ ಗೋಣಿ. ನೀರು ತುಂಬಿದ ಸೊಪ್ಪು ಸಿಗ್ನಲ್ಲನ್ನು ಹುಳಕ್ಕಿಂತ ಚೆನ್ನಾಗಿ ತಿನ್ನುತ್ತದೆ. ನಾಲ್ಕನೇ ಜ್ವರ ಎದ್ದ ದಿನ ಚಿತ್ರ ನಿಂತುಹೋಯಿತು. ಹುಳಕ್ಕೆ ಅತಿ ಹೆಚ್ಚು ಗಮನ ಬೇಕಾದ ಕಡೇ ಎಂಟು ದಿನ ಅಕ್ಕ ಆಸ್ಪತ್ರೆಯಲ್ಲಿ ಕುರುಡಿಯ ಹಾಗೆ ಕೂತಿದ್ದರು. ಆ ಬೆಳೆ ಹೇಗೋ ಕೈಗೆ ಬಂತು, ಅದು ಪಕ್ಕದ ಹೊಲದವರ ಪುಣ್ಯ.

ಎರಡನೇ ಬೆಳೆಗೆ ಪೈಪಿನೊಳಗೆ ಕೇಬಲ್ ತೂರಿಸಿ, ಸೊಪ್ಪಿನ ತೋಟದ ಬದುವಿನಗುಂಟ ಹೂತು, ಹುಳುಮನೆಯೊಳಗೇ ಒಂದು ಸಣ್ಣ ರೂಟರ್ ಇಟ್ಟೆ. ಇದು ಸರಿಯಾದ ಕೆಲಸ ಎಂದು ಈಗಲೂ ಹೇಳುತ್ತೇನೆ. ಆದರೆ ಬೆಳೆ ಬಿಡುವ ಮುಂಚೆ ಹುಳುಮನೆಯ ಗೋಡೆ, ನೆಲ, ಅಟ್ಟಣಿಗೆ ಎಲ್ಲವನ್ನೂ ಬ್ಲೀಚಿಂಗ್ ಪುಡಿ, ಸುಣ್ಣ ಕಲಸಿದ ನೀರಿನಲ್ಲಿ ತೊಳೆದು, ಬಾಗಿಲು ಹಾಕಿ ಬಿಡುತ್ತಾರೆ. ರೋಗ ಬರಬಾರದು ಎಂದು. ಎರಡು ವಾರದಲ್ಲಿ ಆ ಆವಿಗೆ ಕೇಬಲ್ಲಿನ ತಾಮ್ರದ ಪಿನ್ನುಗಳು ಪಾಚಿ ಕಟ್ಟಿದ ಹಾಗೆ ಹಸಿರಾದವು. ತುದಿ ಕತ್ತರಿಸಿ ಹೊಸ ಪಿನ್ನು ಹಾಕಿದೆ, ಗ್ರೀಸು ಬಳಿದು ಟೇಪು ಸುತ್ತಿದೆ.

ಅದು ಸರಿಹೋದ ನಾಲ್ಕನೇ ದಿನಕ್ಕೆ ಪಕ್ಕದ ಹೊಲದವರು ಫೋನು ಮಾಡಿದರು. ಅಕ್ಕನ ತೋಟಕ್ಕೆ ಟಿಲ್ಲರ್ ಹೊಡೆದುಕೊಡುತ್ತಿದ್ದವರೂ ಅವರೇ. ಟಿಲ್ಲರ್ ಇನ್ನೂ ಆರಿಸಿರಲಿಲ್ಲ, ಫೋನಿನಲ್ಲಿ ಅದರ ಸದ್ದು ಕೇಳುತ್ತಿತ್ತು.

"ನಿನ್ ಪೈಪು ನಾನೇ ಕಡ್ದಾಕ್ಬುಟ್ಟೆ ಕಣಪ್ಪ. ಆಯಮ್ಮುಂಗೆ ಯೋಳಿವ್ನಿ. ನೀನೂ ಬಂದು ಒಸಿ ನೋಡು."

ತಪ್ಪು ಅವರದಲ್ಲ. ಒಂದೂವರೆ ಅಡಿ ಆಳಕ್ಕೆ ಹೂಳಬೇಕಾದದ್ದನ್ನು ಕಲ್ಲು ಸಿಕ್ಕಿತೆಂದು ಅರ್ಧ ಅಡಿಗೇ ಮುಚ್ಚಿದವನು ನಾನು. ಹೋಗಿ ನೋಡಿದರೆ ಕೇಬಲ್ ಹನ್ನೆರಡು ತುಂಡಾಗಿ ಟಿಲ್ಲರಿನ ಹಲ್ಲಿಗೆ ಸುತ್ತಿಕೊಂಡಿತ್ತು. ಆ ಯಜಮಾನರು ಬದುವಿನ ಮೇಲೆ ಕೂತು ಒಂದೊಂದೇ ತುಂಡು ಬಿಡಿಸಿ ನನ್ನ ಕೈಗೆ ಕೊಟ್ಟರು. ಕ್ಷಮೆ ಕೇಳಬೇಕಾದವನು ನಾನು, ಕೇಳಿದವರು ಅವರು.

ಮೂರನೇ ಸಲ ನೆಲ ಬಿಟ್ಟು ಗಾಳಿಗೆ ಹೋದೆ. ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಒಂದು ರೇಡಿಯೊ ಡಬ್ಬಿ, ಹುಳುಮನೆಯ ಸೂರಿನ ಕೆಳಗೆ ಇನ್ನೊಂದು. ಎರಡೂ ಮುಖಾಮುಖಿ ನೋಡಬೇಕು, ನಡುವೆ ಏನೂ ಅಡ್ಡ ಇರಬಾರದು. ಪಕ್ಕದ ಹೊಲದವರು ಏಣಿ ಹಿಡಿದರು. ಹುಳ ಆಗ ಮೂರನೇ ಜ್ವರದಲ್ಲಿತ್ತು. ಜ್ವರದಲ್ಲಿ ಹುಳ ತಲೆಯೆತ್ತಿ ಅಲುಗದೆ ಮಲಗಿರುತ್ತದೆ, ಆಗ ಸೊಪ್ಪು ಹಾಕುವುದಿಲ್ಲ, ಸದ್ದು ಮಾಡುವುದಿಲ್ಲ, ಅಟ್ಟಣಿಗೆ ಮುಟ್ಟುವುದಿಲ್ಲ. ಗೋಡೆಗೆ ಡ್ರಿಲ್ ಹಾಕಬೇಡ ಎಂದು ಅಕ್ಕ ಕಟ್ಟುನಿಟ್ಟಾಗಿ ಹೇಳಿದರು. ಪೂರ್ವದ ಗೋಡೆಯಲ್ಲಿ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುವ ಒಂದು ಫ್ಯಾನು ಇತ್ತು, ಅದರ ಚೌಕಟ್ಟಿನ ಸಂದಿಯಲ್ಲಿ ವೈರು ತೂರಿಸಲು ಜಾಗ ಇತ್ತು. ಡಬ್ಬಿಯನ್ನು ಫ್ಯಾನಿನ ಪಕ್ಕಕ್ಕೇ, ಒಂದು ಗೇಣು ದೂರದಲ್ಲಿ, ಹಳೆಯ ಮೊಳೆಗೆ ಬಿಗಿದೆ. ಇಷ್ಟು ಚೊಕ್ಕವಾಗಿ ಕೆಲಸ ಮುಗಿದದ್ದಕ್ಕೆ ನನಗೇ ಹೆಮ್ಮೆಯಾಯಿತು.

ಆ ಹೆಮ್ಮೆಯಲ್ಲಿ ಯಾರೂ ಕೇಳದ ಇನ್ನೊಂದು ಉಪಾಯವನ್ನೂ ಕೊಟ್ಟೆ. ಆ ಫ್ಯಾನಿಗೆ ಫೋನಿನಿಂದ ಹಾಕಿ ಆರಿಸುವ ಸ್ವಿಚ್ಚು ಹಾಕಿಕೊಡುತ್ತೇನೆ ಎಂದೆ. ಅಕ್ಕ ಎರಡು ದಿನದಲ್ಲಿ ಕಲಿತರು. ಆ ಬೆಳೆ ಪೂರ್ತಿ ಒಂದು ದಿನವೂ ಚಿತ್ರ ನಿಲ್ಲಲಿಲ್ಲ. ಡಯಾಲಿಸಿಸ್ ವಾರ್ಡಿನಲ್ಲಿ ನರ್ಸುಗಳಿಗೆಲ್ಲ ತಮ್ಮ ಹುಳ ತೋರಿಸಿದರಂತೆ. ಪಕ್ಕದ ಹಾಸಿಗೆಯವರೂ ಇವತ್ತು ಹುಳ ಹೇಗಿದೆ ಎಂದು ಕೇಳುತ್ತಿದ್ದರಂತೆ. ಗೂಡು ಬಿಡಿಸುವ ದಿನ ನನ್ನನ್ನು ಕರೆದು, ಚಂದ್ರಿಕೆ ಎನ್ನುವ ಬಿದಿರು ತಟ್ಟಿಯ ತುಂಬ ಕಟ್ಟಿದ್ದ ಗೂಡುಗಳನ್ನು ತೋರಿಸಿದರು. ಅವರ ಗಂಡ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ನಗುತ್ತಿದ್ದರು. ನನ್ನ ಕಸುಬಿನಲ್ಲಿ ಅಂಥ ದಿನ ಇನ್ನೊಂದು ಬಂದದ್ದಿಲ್ಲ.

ಮುಂದಿನ ಬೆಳೆಯ ಕಥೆಯನ್ನು ನಿಧಾನವಾಗಿ ಹೇಳುತ್ತೇನೆ, ಅವಸರ ಮಾಡಿದರೆ ನನ್ನ ತಪ್ಪು ಚಿಕ್ಕದಾಗಿ ಕಾಣುತ್ತದೆ.

ಬೇಸಿಗೆ ಶುರುವಾಗಿತ್ತು. ಹುಳ ಕಡೇ ಹಂತಕ್ಕೆ ಬಂದು ಆರು ದಿನವಾಗಿತ್ತು. ಇನ್ನು ಒಂದೆರಡು ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಬೇಕು. ಬುಧವಾರ ಹತ್ತು ಗಂಟೆಗೆ ಅಕ್ಕ ಮಂಡ್ಯದಿಂದ ಫೋನು ಮಾಡಿದರು. ಚಿತ್ರ ಹೋಗಿದೆ, ಶಾಖವೂ ಕಾಣುತ್ತಿಲ್ಲ, ಪಕ್ಕದ ಹೊಲದವರು ಫೋನು ಎತ್ತುತ್ತಿಲ್ಲ. ನಾನು ನಿಡಘಟ್ಟದಲ್ಲಿ ಬೇರೆ ಕೆಲಸದಲ್ಲಿದ್ದೆ. ಬಿಟ್ಟು ಹೊರಟೆ.

ಹುಳುಮನೆಗೆ ಬೀಗ ಹಾಕಿತ್ತು. ಪಕ್ಕದ ಹೊಲದವರು ಪಶ್ಚಿಮದ ಕಡೆ ದೂರದಲ್ಲಿ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಹುರುಳಿಕಾಯಿ ಸಾಲಿಗೆ ಏನೋ ಸಿಂಪಡಿಸುತ್ತಿದ್ದರು. ನನಗೆ ಒಳಗೆ ಹೋಗುವ ಕೆಲಸ ಇರಲಿಲ್ಲ. ಏಣಿ ಹಾಕಿ ಡಬ್ಬಿಯ ಮುಚ್ಚಳ ಬಿಚ್ಚಿದೆ. ಒಳಗೆ ಕಡಜ ಗೂಡು ಕಟ್ಟಿತ್ತು. ಏಳೆಂಟು ಕಡಜ, ಪಿನ್ನಿನ ಮೇಲೆಲ್ಲ ಮಣ್ಣು. ಒಂದು ನನ್ನ ಹುಬ್ಬಿನ ಮೇಲೆ ಕಚ್ಚಿತು.

ಸಾಮಾನ್ಯವಾಗಿ ಹೊಗೆ ಹಾಕಿ ಓಡಿಸುತ್ತೇವೆ. ಹುಳುಮನೆ ಹತ್ತಿರ ಹೊಗೆ ಹಾಕಬಾರದು ಎಂದು ನನಗೆ ಗೊತ್ತಿತ್ತು. ನಾನೂ ಹುಳ ಸಾಕುವ ಮನೆಯಲ್ಲೇ ಬೆಳೆದವನು. ಹುಳ ಇರುವ ತಿಂಗಳು ನಮ್ಮ ತಾಯಿ ದೇವರಿಗೆ ಊದುಬತ್ತಿ ಸಹ ಹಚ್ಚುತ್ತಿರಲಿಲ್ಲ. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಿದರೆ ನಮ್ಮಪ್ಪನಿಗೆ ಬೈಗುಳದ ಮಳೆ. ಇಷ್ಟೆಲ್ಲ ಗೊತ್ತಿದ್ದವನು ಚೀಲದಿಂದ ಕಡಜಕ್ಕೆ ಹೊಡೆಯುವ ಸ್ಪ್ರೇ ಡಬ್ಬಿ ತೆಗೆದೆ. ಕಂಬ ಹತ್ತುವವರ ಚೀಲದಲ್ಲಿ ಅದು ಇದ್ದೇ ಇರುತ್ತದೆ. ಇದು ಹೊರಗಿನ ಗೋಡೆ, ಫ್ಯಾನು ನಿಂತಿದೆ, ಗಾಳಿ ಆಚೆಗೆ ಬೀಸುತ್ತಿದೆ ಎಂದು ಲೆಕ್ಕ ಹಾಕಿದೆ. ಒಳಗೆ ಹೋಗುವಾಗಲೆಲ್ಲ ಅಕ್ಕ ಕಾಲು ತೊಳೆಸಿ, ಕೈಗೆ ಬ್ಲೀಚಿಂಗ್ ನೀರು ಹಾಕಿ, ಜೇಬಿನಲ್ಲಿ ಏನಿದೆ ಎಂದು ಕೇಳುತ್ತಿದ್ದರು. ಅವತ್ತು ಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೇ ಹೋಗದವನಿಗೆ ಕಟ್ಟಳೆ ಯಾತಕ್ಕೆ ಅನ್ನಿಸಿತು. ಮೂರು ಸಲ ಒತ್ತಿದೆ.

ಕಡಜ ಉದುರಿದವು. ಮಣ್ಣು ಕೆರೆದು, ಪಿನ್ನು ಒರೆಸಿ, ವೈರು ಸಿಕ್ಕಿಸಿದೆ. ಹಸಿರು ದೀಪ ಹತ್ತಿತು. ಅರೆ ನಿಮಿಷಕ್ಕೆ ಫೋನು ಬಂತು, ಬಂತು ಕಣಣ್ಣ, ಉಳ ಕಾಣ್ತವೆ ಎಂದು ಅಕ್ಕ. ಆ ಮಾತು ಮುಗಿಯುವ ಮೊದಲೇ ನನ್ನ ಕಿವಿಯ ಪಕ್ಕದಲ್ಲಿ ಫ್ಯಾನು ತಿರುಗತೊಡಗಿತು. ಒಳಗಿನ ಶಾಖ ನೋಡಿ ಗಾಬರಿಯಾದ ಅವರು ಅಲ್ಲಿಂದಲೇ ಹಾಕಿದ್ದರು. ನಾನು ಹೊಡೆದ ಔಷಧಿಯ ವಾಸನೆ ನನ್ನ ಮೂಗಿನಿಂದ ಸರಿದು ಆ ಕಡೆಗೆ ಹೋದದ್ದು ನನಗೇ ಗೊತ್ತಾಯಿತು.

ಆರಿಸಿ ಎಂದು ಹೇಳಬಹುದಿತ್ತು. ಫೋನು ಕೈಯಲ್ಲೇ ಇತ್ತು. ಯಾಕೆ ಎಂದು ಕೇಳುತ್ತಾರಲ್ಲ ಎಂದು ಬಾಯಿ ಬರಲಿಲ್ಲ. ಏಣಿ ಇಳಿದು, ಗೋಡೆ ಸುತ್ತಿ ಓಡಿ, ಮೀಟರ್ ಹಲಗೆಯ ಫ್ಯೂಸು ಕಿತ್ತೆ. ಎರಡು ಮೂರು ನಿಮಿಷವಾದರೂ ಆಗಿತ್ತು. ಮತ್ತೆ ಚಿತ್ರ ಹೋಯಿತಲ್ಲ ಎಂದು ಅಕ್ಕ ಕೇಳಿದರು. ಕರೆಂಟು ಹೋಯಿತು, ಈಗ ಬರುತ್ತದೆ ಎಂದೆ. ಹತ್ತು ನಿಮಿಷ ಕಾದು, ಒದ್ದೆ ಬಟ್ಟೆಯಲ್ಲಿ ಡಬ್ಬಿ, ಗೋಡೆ, ಫ್ಯಾನಿನ ಚೌಕಟ್ಟು ಒರೆಸಿ, ಫ್ಯೂಸು ಹಾಕಿದೆ. ಏನೂ ಆಗಿರಲಾರದು ಎಂದು ನನಗೆ ನಾನೇ ಹೇಳಿಕೊಂಡು ಬೈಕ್ ಹತ್ತಿದೆ.

ಉಳಿದದ್ದನ್ನು ಅಕ್ಕ ನೋಡಿದರು. ನಾನು ಕೊಟ್ಟ ಅಚ್ಚುಕಟ್ಟಾದ ಚಿತ್ರದಲ್ಲಿ, ಗಂಡನ ಹಾಸಿಗೆಯ ಪಕ್ಕ ಕೂತು ನೋಡಿದರು. ಹುಳಗಳು ತಲೆ ಎತ್ತಿ ಆಡಿಸಿದವು, ಹಸಿರು ಕಕ್ಕಿದವು, ನುಲಿದುಕೊಂಡು ಅಟ್ಟಣಿಗೆಯಿಂದ ಉದುರಿದವು. ಡಯಾಲಿಸಿಸ್ ಅರ್ಧಕ್ಕೆ ನಿಲ್ಲಿಸಿ ಎದ್ದು ಬರುವಂತಿರಲಿಲ್ಲ. ಸಂಜೆ ಬಂದು ಬಾಗಿಲು ತೆಗೆದಾಗ ಹಣ್ಣಾಗಬೇಕಿದ್ದ ಹುಳವೆಲ್ಲ ಕುಗ್ಗಿ ಕಪ್ಪಾಗಿದ್ದವಂತೆ.

ಅಷ್ಟು ಹೊತ್ತಿಗೆ ಯಾರೋ ಅವರ ಕಿವಿಗೆ ಹಾಕಿದ್ದರು, ಪಕ್ಕದ ಹೊಲದವನು ಬೆಳಿಗ್ಗೆ ಔಷಧಿ ಹೊಡೆಯುತ್ತಿದ್ದ ಎಂದು. ಎಷ್ಟೋ ವರ್ಷದಿಂದ ಅಕ್ಕನ ಗೂಡು ಮಾರಾಟವಾಗುವ ತನಕ ತನ್ನ ಕಾಯಿಗೆ ಹುಳ ಬಿದ್ದರೂ ಔಷಧಿ ಮುಟ್ಟದೆ ಇದ್ದ ಮನುಷ್ಯ. ಅವತ್ತು ಹೊಡೆದದ್ದು ಗೊಬ್ಬರ ಕರಗಿಸಿದ ನೀರು. ಅವರು ಎಷ್ಟು ಹೇಳಿದರೂ ಅಕ್ಕ ಕೇಳಲಿಲ್ಲ. ಊರವರೆದುರು ಉಡಿದಾರದ ಬೀಗದ ಕೈ ಬಿಚ್ಚಿಸಿಕೊಂಡರು, ಹಿಡಿ ಮಣ್ಣು ಎತ್ತಿ ಅವರ ಕಡೆಗೆ ತೂರಿದರು.

ಮಾರನೆಯ ದಿನ ನನ್ನನ್ನು ಕರೆಸಿದ್ದು ಸಾಕ್ಷಿಗಾಗಿ. ಕ್ಯಾಮೆರಾದ ಕಾರ್ಡಿನಲ್ಲಿ ಎಲ್ಲ ಉಳಿದಿರುತ್ತದಲ್ಲ, ತೆಗೆದುಕೊಡು, ಅವನ ಮುಖಕ್ಕೆ ಹಿಡಿಯುತ್ತೇನೆ ಎಂದರು. ಸತ್ತ ಹುಳವನ್ನು ಮಂಕರಿಯಲ್ಲಿ ಹೊತ್ತು ಗುಂಡಿಗೆ ಸುರಿಯುತ್ತಿದ್ದರು, ಒಬ್ಬರೇ. ನಾನು ಕಾರ್ಡು ಜೇಬಿಗೆ ಹಾಕಿಕೊಂಡು ಮದ್ದೂರಿಗೆ ಬಂದು ನೋಡಿದೆ. ಫ್ಯಾನು ತಿರುಗಿದ್ದು, ನಿಂತದ್ದು. ಇಪ್ಪತ್ತು ನಿಮಿಷದ ನಂತರ ಮೊದಲು ತಲೆ ಎತ್ತಿದ್ದು ಫ್ಯಾನಿನ ಎದುರಿನ ಅಟ್ಟಣಿಗೆಯ ಹುಳ. ಪಕ್ಕದ ಹೊಲ ಇರುವ ಪಶ್ಚಿಮದ ಕಡೆಯವು ಕಡೆಗೆ ಸತ್ತವು. ಇಷ್ಟು ಸ್ಪಷ್ಟವಾಗಿ ಯಾವ ಸಾಕ್ಷಿಯೂ ಹೇಳಲಾರದು.

ಕಾರ್ಡು ಕೆಟ್ಟಿದೆ ಎಂದು ಅಕ್ಕನಿಗೆ ಫೋನು ಮಾಡಿದೆ.

ಹನ್ನೊಂದು ದಿನ ಆ ಸುಳ್ಳಿನೊಳಗೆ ಇದ್ದೆ. ಇವತ್ತು ಹೇಳುತ್ತೇನೆ ಎಂದು ಬೆಳಿಗ್ಗೆ ಹೊರಡುವುದು, ಮಳವಳ್ಳಿ ರಸ್ತೆಯ ತಿರುವಿನ ತನಕ ಹೋಗಿ ವಾಪಸು ಬರುವುದು. ನನಗೆ ಹೆದರಿಕೆ ಅಕ್ಕನ ಬೈಗುಳದ್ದಲ್ಲ. ಇದೊಂದ ಉಳಿಸ್ಕೊಡು ಎಂದಿದ್ದರಲ್ಲ, ಆ ಮುಖವನ್ನು ನೋಡುವುದು ಹೇಗೆ ಎನ್ನುವುದೇ ನನಗೆ ತಿಳಿಯಲಿಲ್ಲ.

ಹನ್ನೊಂದನೇ ದಿನ ಪಕ್ಕದ ಹೊಲದವರ ಫೋನು ಬಂತು. ಅವರು ಜಗಳದ ಮಾತೇ ಎತ್ತಲಿಲ್ಲ.

"ಮುಂದ್ಲ ಬೆಳೆಗೆ ನಾನು ಅತ್ತಗೆ ಕಾಲಿಡಕ್ಕಾಗಕಿಲ್ಲ ಕಣಪ್ಪ. ಆಯಮ್ಮ ಒಬ್ಳೇ ಏನ್ ಮಾಡದು? ಆ ಪರದೆನೂವೆ ಫೋನಲ್ಲೇ ಎತ್ತಿ ಇಳ್ಸಂಗೆ ಮಾಡಕ್ಕಾಯ್ತದಾ ನೋಡು. ನಾನ್ ಯೋಳ್ದೆ ಅನ್ಬ್ಯಾಡ."

ನೋಡುತ್ತೇನೆ ಎಂದು ಹೇಳಿ ಫೋನು ಇಟ್ಟೆ. ಅಂಗಡಿಯ ಹಿಂದೆ ಹೋಗಿ ಅತ್ತೆ. ಆಮೇಲೆ ಕಾರ್ಡು ತೆಗೆದುಕೊಂಡು ಸೀದಾ ಆ ಊರಿಗೆ ಹೋದೆ, ತಿರುವಿನಲ್ಲಿ ನಿಲ್ಲಲಿಲ್ಲ.

ಭಾನುವಾರ, ಅಕ್ಕ ಮನೆಯಲ್ಲೇ ಇದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಕಡಜ, ಸ್ಪ್ರೇ, ಫ್ಯಾನು, ಫ್ಯೂಸು, ಕಾರ್ಡು. ಕಾರ್ಡು ಚಾಚಿದರೆ ಮುಟ್ಟಲಿಲ್ಲ.

"ಅದ್ರಲ್ಲಿರೋದ್ನ ನಾನು ಅವತ್ತೇ ನೋಡಾಯ್ತು," ಅಂದರು. ಆಮೇಲೆ, "ಕರೆಂಟು ಓಯ್ತು ಅಂದ್ಯಲ್ಲ. ನಿನ್ ಮಾತ ನಂಬ್ಕಂಡು ಅವನ್ಗೆ ಮಣ್ ತೂರ್ದೆ ನಾನು."

ಬೈಯಲಿಲ್ಲ. ಬೈದಿದ್ದರೆ ನಾನು ಸ್ವಲ್ಪ ಹಗುರಾಗುತ್ತಿದ್ದೆನೋ ಏನೋ. ಹುಳುಮನೆಯ ಬೀಗದ ಕೈ ತೆಗೆದುಕೊಂಡು ಬದುವಿನ ಕಡೆ ನಡೆದರು, ನಾನು ಹಿಂದೆ ಹೋದೆ. ಪಕ್ಕದ ಹೊಲದವರು ಹುರುಳಿಕಾಯಿ ಬಳ್ಳಿಗೆ ದಾರ ಕಟ್ಟುತ್ತಿದ್ದರು. ಅಕ್ಕ ಎಲ್ಲವನ್ನೂ ಹೇಳಿ, ತಪ್ಪಾಯ್ತು ಎಂದು ಕೈಮುಗಿದು, ಬೀಗದ ಕೈ ಮುಂದೆ ಹಿಡಿದರು. ಅವರು ಅದನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಪೈಪು ಕಡ್ದಾಗ ನಾನು ಅವತ್ತೇ ಯೋಳಿದ್ನಲ್ಲಪ್ಪ," ಅಂದರು.

ಅವರು ಅಕ್ಕನಿಗೆ, ಆಯ್ತು ಬುಡು ತಾಯಿ, ಬೀಗದ ಕೈ ನಿನ್ ತಾವೇ ಇರ್ಲಿ ಎಂದು ಹೇಳಿ ಮುಂದಿನ ಸಾಲಿಗೆ ಹೋದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಅವರು ಆಮೇಲೆ ಆ ಬದು ದಾಟಿ ಬಂದದ್ದೂ ಇಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೇಳಿಕೊಂಡರೆ ಪಾಪ ಕಳೆಯುತ್ತದೆ ಎನ್ನುತ್ತಾರೆ, ನನ್ನದೇನೂ ಕಳೆಯಲಿಲ್ಲ. ಸತ್ತ ಬೆಳೆಗೆ ಏನಾದರೂ ಮಾಡಿಕೊಡುತ್ತೇನೆ ಎಂದು ಎರಡು ಸಲ ಹೋದೆ. ಎರಡು ಸಲವೂ ಕಾಫಿ ಕೊಟ್ಟು ಕಳಿಸಿದರು. ಪರದೆಗೆ ಮೋಟಾರು ಹಾಕಿಕೊಡುತ್ತೇನೆ ಎಂದೆ. ಯಾತಕ್ಕಣ್ಣ ಎಂದರು. ಅಕ್ಕ ಆಮೇಲೆ ಚಾಕಿ ತರಲಿಲ್ಲ. ಸೊಪ್ಪಿನ ತೋಟ ಆಳುದ್ದ ಬೆಳೆದು ಕಡ್ಡಿ ಬಲಿತಿದೆ. ಅದನ್ನು ದನಕ್ಕೆ ಕೊಯ್ದು ಹಾಕುತ್ತಾರೆ. ಗಂಡ ಹೇಗೋ ಇದ್ದಾರೆ. ವಾರಕ್ಕೆ ಮೂರು ದಿನ ಮಂಡ್ಯ.

ಡಬ್ಬಿ, ಕ್ಯಾಮೆರಾ ಎಲ್ಲ ಬಿಚ್ಚಿಕೊಂಡು ಹೋಗಲೇ ಎಂದು ಕೇಳಿದ್ದಕ್ಕೆ ಅಕ್ಕ ಇರಲಿ ಎಂದಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ನಾನು ಹಾಕಿಕೊಟ್ಟ ಸಂಪರ್ಕಗಳ ಪಟ್ಟಿ ಅಂಗಡಿಯ ಕಂಪ್ಯೂಟರಿನಲ್ಲಿ ಕಾಣುತ್ತದೆ, ಯಾವುದು ಸರಿಯಿದೆ, ಯಾವುದು ಬಿದ್ದಿದೆ, ಯಾವುದರಲ್ಲಿ ಎಷ್ಟು ಹರಿಯುತ್ತಿದೆ ಎಂದು. ಆ ಹುಳುಮನೆಯ ಸಂಪರ್ಕ ಅವತ್ತಿನಿಂದ ಒಮ್ಮೆಯೂ ಬಿದ್ದಿಲ್ಲ. ಸೊಪ್ಪಿಲ್ಲ, ಒದ್ದೆ ಗೋಣಿ ಇಲ್ಲ, ಬ್ಲೀಚಿಂಗ್ ಇಲ್ಲ, ಸಿಗ್ನಲ್ಲು ಪೂರ್ತಿ ಇದೆ. ಯಾರಾದರೂ ಫೋನಿನಲ್ಲಿ ಕ್ಯಾಮೆರಾ ತೆರೆದು ನೋಡಿದರೆ ಮಾತ್ರ ಅಂಕಿ ಏರುತ್ತದೆ, ಬಹಳ ದಿನ ಅದರಲ್ಲಿ ಏನೂ ಹರಿಯುತ್ತಿರಲಿಲ್ಲ. ಮೊನ್ನೆ ಸೋಮವಾರ ಹನ್ನೊಂದು ಗಂಟೆಗೆ ಅಂಕಿ ಅಲುಗಿತು. ಎಲ್ಲೋ ತಪ್ಪಾಗಿದೆ ಎಂದುಕೊಂಡೆ. ಬುಧವಾರವೂ ಹನ್ನೊಂದಕ್ಕೆ ಅಲುಗಿತು, ಶುಕ್ರವಾರವೂ. ಮೂರು ಗಂಟೆಗೆ ನಿಂತಿತು. ಖಾಲಿ ಅಟ್ಟಣಿಗೆ ಬಿಟ್ಟರೆ ಆ ಕ್ಯಾಮೆರಾದ ಎದುರು ಈಗ ಏನೂ ಇಲ್ಲ. ಅಕ್ಕ ವಾರ್ಡಿನಲ್ಲಿ ಕೂತು ಅದನ್ನೇ ನೋಡುತ್ತಿದ್ದಾರೆ.